ಟೈಲ್ಸ್ ಅಂದ ಸಂದಿನ ಗೆರೆಯಲ್ಲಿ

ಎರಡು ಟೈಲ್ಸ್ ಕೂಡುವಲ್ಲಿ ಒಂದು ಸಂದು ಉಳಿಯುತ್ತದೆ. ಆ ಸಂದುಗಳೆಲ್ಲ ಸೇರಿ ಕೋಣೆಯ ತುಂಬ ಗೆರೆಗಳ ಬಲೆ ಹೆಣೆಯುತ್ತವೆ. ಟೈಲ್ಸ್ ವಿನ್ಯಾಸವೆಂದರೆ ಮುಖ್ಯವಾಗಿ ಈ ಬಲೆಯೇ. ಒಂದೇ ಪೆಟ್ಟಿಗೆಯ ಬಿಳಿ ಬಿಲ್ಲೆಗಳನ್ನು ಸಾಲಿಗೆ ಸಾಲು ನೇರ ಹಾಸಿದರೆ ನೆಲ ಶಾಂತವಾಗಿ ಕಾಣುತ್ತದೆ, ಓರೆಯಾಗಿ ಹಾಸಿದರೆ ಕೋಣೆ ಹಿಗ್ಗಿದಂತೆ ಕಾಣುತ್ತದೆ, ಮೀನಿನ ಮುಳ್ಳಿನ ಹಾಗೆ ಹೆಣೆದರೆ ನೆಲವೇ ಮೊನೆಯತ್ತ ನಡೆದಂತೆ ತೋರುತ್ತದೆ. ಅಂಗಡಿಯಲ್ಲಿ ಕೈಗೆ ಸಿಗುವುದು ಒಂದು ಬಿಲ್ಲೆ, ಮನೆಯಲ್ಲಿ ಮೂವತ್ತು ವರ್ಷ ಕಣ್ಣಿಗೆ ಬೀಳುವುದು ಗೆರೆಗಳು. ಆದ್ದರಿಂದ ಬಣ್ಣ, ಹೊಳಪು ನೋಡುವುದಕ್ಕೂ ಮೊದಲು ಗೆರೆ ಎತ್ತ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ತೀರ್ಮಾನವಾಗಬೇಕು.

ಚುಕ್ಕಿ ಇಡುವ ಕ್ರಮ

ಕರ್ನಾಟಕದ ಅಂಗಳಗಳಲ್ಲಿ ಗೆರೆ ಓಡಿಸುವ ಈ ಗಣಿತ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ರಂಗೋಲಿಗೆ ಚುಕ್ಕಿ ಇಡುವಲ್ಲಿ ಎರಡು ಕ್ರಮಗಳಿವೆ. ನೇರ ಚುಕ್ಕಿಯಲ್ಲಿ ಒಂದರ ಕೆಳಗೆ ಒಂದು ಬಂದು ಚೌಕಗಳ ಜಾಲ ಮೂಡುತ್ತದೆ. ಸಂದು ಚುಕ್ಕಿಯಲ್ಲಿ ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವೆ ಕೆಳಗಿನ ಸಾಲಿನ ಚುಕ್ಕಿ ಕೂರುತ್ತದೆ. 11ರಿಂದ ಶುರುವಾಗಿ ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತ 6ಕ್ಕೆ ನಿಲ್ಲುವ ಸಂದು ಚುಕ್ಕಿಯ ರಂಗೋಲಿಗೆ ಆರು ಮೂಲೆಯ ಆಕಾರ ತಾನಾಗಿಯೇ ಒದಗುತ್ತದೆ. ನೆಲದ ಮೇಲೆ ನೇರ ಜೋಡಣೆ ಮೊದಲನೆಯದರ ರೂಪ. ಇಟ್ಟಿಗೆ ಸಾಲಿನ ಜೋಡಣೆ ಮತ್ತು ಆರು ಮೂಲೆಯ ಬಿಲ್ಲೆ ಎರಡನೆಯದರ ರೂಪ.

ಬಾಹುಗಳೂ ಕೋನಗಳೂ ಸಮನಾಗಿರುವ ಒಂದೇ ಆಕಾರದಿಂದ ಎಡೆಯಿಲ್ಲದೆ ನೆಲ ತುಂಬಲು ಸಾಧ್ಯವಾಗುವುದು ಮೂರೇ ಆಕಾರಗಳಿಗೆ: ತ್ರಿಕೋನ, ಚೌಕ, ಷಟ್ಕೋನ. ಒಂದು ಬಿಂದುವಿನ ಸುತ್ತ ಕೂಡುವ ಮೂಲೆಗಳ ಮೊತ್ತ 360 ಡಿಗ್ರಿ ಆಗಬೇಕು. 60 ಡಿಗ್ರಿಯ ಆರು ಮೂಲೆ, 90 ಡಿಗ್ರಿಯ ನಾಲ್ಕು ಮೂಲೆ, 120 ಡಿಗ್ರಿಯ ಮೂರು ಮೂಲೆ ಮಾತ್ರ ಈ ಲೆಕ್ಕಕ್ಕೆ ಹೊಂದುತ್ತವೆ. ಐದು ಮೂಲೆಯ ಬಿಲ್ಲೆಯ ಕೋನ 108 ಡಿಗ್ರಿ. ಮೂರು ಇಟ್ಟರೆ ಎಡೆ ಉಳಿಯುತ್ತದೆ, ನಾಲ್ಕನೆಯದು ಹಿಡಿಯುವುದಿಲ್ಲ. ಎಂಟು ಮೂಲೆಯ ಬಿಲ್ಲೆಗಳ ನಡುವೆ ಒಂದು ಪುಟ್ಟ ಚೌಕ ಬೇಕೇ ಬೇಕಾಗುವುದೂ ಇದೇ ಕಾರಣಕ್ಕೆ. 135, 135 ಮತ್ತು 90 ಕೂಡಿದಾಗ 360 ಆಗುತ್ತದೆ. ಆ ಅನಿವಾರ್ಯ ಚೌಕಕ್ಕೆ ಕಪ್ಪು ಬಣ್ಣ ಕೊಟ್ಟಾಗ ಹಳೆಯ ಬಂಗಲೆಗಳಲ್ಲಿ ಕಾಣುವ ಚುಕ್ಕಿ ನೆಲ ಹುಟ್ಟುತ್ತದೆ.

ಸಂದಿಲ್ಲದ ನೆಲದಿಂದ ಸಂದಿನ ನೆಲಕ್ಕೆ

ಸಗಣಿ ಸಾರಿಸಿದ ನೆಲಕ್ಕಾಗಲಿ, ಗಾರೆ ನೆಲಕ್ಕಾಗಲಿ ಸಂದು ಇರಲಿಲ್ಲ. ಕೈಯಿಂದ ಉಜ್ಜಿ ಹೊಳಪು ತಂದ ರೆಡ್ ಆಕ್ಸೈಡ್ ನೆಲದಲ್ಲೂ ಗೋಡೆಯಂಚಿನ ಕಪ್ಪು ಪಟ್ಟಿಯೇ ಅಲಂಕಾರ. ಸಂದು ಬಂದದ್ದು ಕಲ್ಲು ಚಪ್ಪಡಿ ಮತ್ತು ಸುಟ್ಟ ಬಿಲ್ಲೆಯ ಜೊತೆಗೆ. ಕಲಬುರಗಿ ಸೀಮೆಯಲ್ಲಿ ಶಹಾಬಾದ್ ಕಲ್ಲು, ಹಳೆ ಮೈಸೂರಿನ ಅಡುಗೆಮನೆಗಳಲ್ಲಿ ಕಡಪ ಕಲ್ಲು ನೆಲಕ್ಕಿಳಿದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಬೆಳೆದ ಉದ್ಯಮ ಚಾವಣಿ ಹೆಂಚಿನೊಂದಿಗೆ ನೆಲಕ್ಕೆ ಹಾಸುವ ಕೆಂಪು ಬಿಲ್ಲೆಗಳನ್ನೂ ಕರಾವಳಿಯ ಮನೆಗಳಿಗೆ ಕೊಟ್ಟಿತು. 1912ರಲ್ಲಿ ಮುಗಿದ ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ಬಣ್ಣದ ಬಿಲ್ಲೆಗಳ ಜ್ಯಾಮಿತಿ ನೆಲ ಇಂದಿಗೂ ನೋಡಸಿಗುತ್ತದೆ. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಅತ್ತಂಗುಡಿ ಬಿಲ್ಲೆಯನ್ನು ಈಗಲೂ ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟ್ ಸುರಿದು ಕೈಯಲ್ಲೇ ಮಾಡುತ್ತಾರೆ. ಅದು ಸುಡದ ಬಿಲ್ಲೆ, ನೀರಿನಲ್ಲಿ ನೆನೆದು ಗಟ್ಟಿಯಾಗುತ್ತದೆ. ಇಂಥ ಬಿಲ್ಲೆಗಳ ನಂತರ ಮೊಸಾಯಿಕ್ ಬಂತು. ಇಂದಿನ ಮನೆಗಳಿಗೆ ಬರುವ ಟೈಲ್ಸ್‌ನ ದೊಡ್ಡ ಪಾಲು ಗುಜರಾತಿನ ಮೋರ್ಬಿಯ ಕಾರ್ಖಾನೆಗಳದ್ದು.

ಬಿಲ್ಲೆಯ ಗುಣ ನೋಡಿ ಜೋಡಣೆ

ಮಾರುಕಟ್ಟೆಯ ಟೈಲ್ಸ್‌ಗಳನ್ನು ನೀರು ಹೀರುವ ಗುಣದಿಂದ ಬೇರ್ಪಡಿಸುವುದು ಸುಲಭ. ಗೋಡೆಯ ಸೆರಾಮಿಕ್ ಟೈಲ್ಸ್ ತನ್ನ ತೂಕದ ಶೇ 10ಕ್ಕಿಂತ ಹೆಚ್ಚು ನೀರು ಹೀರುತ್ತದೆ. ಅದು ಹಗುರ, ಕತ್ತರಿಸಲು ಸುಲಭ, ಆದರೆ ನೆಲದ ಭಾರ ತಾಳುವಂಥದ್ದಲ್ಲ. ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇ 0.5ಕ್ಕಿಂತ ಕಡಿಮೆ. ನೆಲಕ್ಕೆ ಅದು ಒಳ್ಳೆಯದು. ಅದನ್ನೇ ಗೋಡೆಗೆ ಅಂಟಿಸುವಾಗ ಬರಿಯ ಸಿಮೆಂಟ್ ಹಾಲು ಸಾಲದು. ಬಿಲ್ಲೆ ನೀರು ಹೀರದ ಕಾರಣ ಸಿಮೆಂಟ್ ಕಚ್ಚಿ ಹಿಡಿಯುವುದಿಲ್ಲ, ಟೈಲ್ಸ್ ಅಂಟು ಬೇಕು.

ಅಳತೆಯೂ ಜೋಡಣೆಯನ್ನು ನಿರ್ಧರಿಸುತ್ತದೆ. 60×60 ಮತ್ತು 60×120 ಸೆಂ.ಮೀ. ಟೈಲ್ಸ್ ನೇರ ಜೋಡಣೆಗೆ ಹೇಳಿ ಮಾಡಿಸಿದವು. 20×120ರ ಮರದ ಹಲಗೆಯಂಥ ಟೈಲ್ಸ್ ಸಾಲು ತಪ್ಪಿಸಿ ಹಾಸಲು ಒಗ್ಗುತ್ತದೆ. ಅಂಗೈಯಗಲದ ಸಣ್ಣ ಬಿಲ್ಲೆಗಳಿಂದ ಯಾವ ಚಿತ್ತಾರವನ್ನಾದರೂ ಹೆಣೆಯಬಹುದು. ಬಿಲ್ಲೆ ದೊಡ್ಡದಾದಷ್ಟೂ ಗೆರೆ ಕಡಿಮೆ, ಒರೆಸುವುದು ಸಲೀಸು. ಆದರೆ ಕೆಳಗಿನ ನೆಲ ಅಷ್ಟೇ ಸಮತಟ್ಟಾಗಿರಬೇಕು.

ಮುಖ್ಯ ಜೋಡಣೆಗಳು

ನೇರ ಜೋಡಣೆಯಲ್ಲಿ ಎಲ್ಲ ಸಂದುಗಳೂ ಗೋಡೆಗೆ ಸಮಾನಾಂತರವಾಗಿ ಓಡುತ್ತವೆ. ಕತ್ತರಿಸುವ ಕೆಲಸ ಕಡಿಮೆ, ಹಾಳಾಗುವ ಟೈಲ್ಸ್ ಕಡಿಮೆ. ಮಾರ್ಬಲ್ ಗೀರಿನ ಟೈಲ್ಸ್‌ಗೆ ಇದೇ ತಕ್ಕದ್ದು, ಏಕೆಂದರೆ ಅಲ್ಲಿ ಚಿತ್ತಾರ ಬಿಲ್ಲೆಯೊಳಗೇ ಇದೆ. ಜೋಡಣೆ ಹಿಂದೆ ಸರಿದು ನಿಲ್ಲಬೇಕು. ಇದರ ಒಂದೇ ಕಷ್ಟವೆಂದರೆ ಗೋಡೆ ಸೊಟ್ಟಗಿದ್ದರೆ ಅದು ಮುಚ್ಚಿಹೋಗುವುದಿಲ್ಲ. ಗೋಡೆಯಂಚಿನ ಬಿಲ್ಲೆ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದಾಗಿ, ಮೂಲೆಮಟ್ಟ ತಪ್ಪಿದ್ದನ್ನು ಎತ್ತಿ ತೋರಿಸುತ್ತದೆ.

ಇಟ್ಟಿಗೆ ಸಾಲಿನ ಜೋಡಣೆಯಲ್ಲಿ ಪ್ರತಿ ಸಾಲೂ ಹಿಂದಿನ ಸಾಲಿಗಿಂತ ಅರ್ಧ ಅಥವಾ ಮೂರನೇ ಒಂದು ಬಿಲ್ಲೆಯಷ್ಟು ಸರಿದಿರುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಉದ್ದನೆಯ ಟೈಲ್ಸ್ ಭಟ್ಟಿಯಲ್ಲಿ ಬೇಯುವಾಗ ಕೂದಲೆಳೆಯಷ್ಟು ಬಾಗುತ್ತದೆ. ನಡು ತುಸು ಉಬ್ಬಿ ತುದಿಗಳು ತಗ್ಗಿರುತ್ತವೆ. ಅಂಥ ಎರಡು ಟೈಲ್ಸ್‌ಗಳನ್ನು ಮುಖಕ್ಕೆ ಮುಖ ಕೊಟ್ಟು ಹಿಡಿದರೆ ತುದಿಗಳಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಅರ್ಧಕ್ಕೆ ಸರಿಸಿ ಹಾಸಿದಾಗ ಒಂದರ ಉಬ್ಬಿದ ನಡುವಿಗೆ ಇನ್ನೊಂದರ ತಗ್ಗಿದ ತುದಿ ಬಂದು ಕೂರುತ್ತದೆ. ಬರಿಗಾಲಲ್ಲಿ ನಡೆದರೆ ಅಂಚು ತಾಗುತ್ತದೆ, ಸಂಜೆ ಕಿಟಕಿಯ ಓರೆ ಬೆಳಕಿನಲ್ಲಿ ಪ್ರತಿ ಅಂಚಿಗೂ ನೆರಳು ಬೀಳುತ್ತದೆ. ಮೂರನೇ ಒಂದು ಭಾಗಕ್ಕೆ ಸರಿಸಿದರೆ ಈ ಎತ್ತರದ ವ್ಯತ್ಯಾಸ ಬಹಳಷ್ಟು ಇಳಿಯುತ್ತದೆ. 15 ಇಂಚಿಗಿಂತ ಉದ್ದದ ಬದಿಯಿರುವ ಟೈಲ್ಸ್‌ಗೆ ಮೂರನೇ ಒಂದಕ್ಕಿಂತ ಹೆಚ್ಚು ಸರಿಸಬಾರದೆಂಬ ಅಮೆರಿಕದ ಮಾನಕದ ನಿಯಮ ಹುಟ್ಟಿರುವುದು ಈ ಬಾಗಿನಿಂದಲೇ.

ಓರೆ ಜೋಡಣೆಯಲ್ಲಿ ಗೆರೆಗಳು ಗೋಡೆಗೆ 45 ಡಿಗ್ರಿಯಲ್ಲಿ ಸಾಗುತ್ತವೆ. ಸಂದು ಗೋಡೆಗೆ ಸಮಾನಾಂತರವಾಗಿಲ್ಲದ ಕಾರಣ ಗೋಡೆಯ ಸೊಟ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ. ಮೂಲೆ ಸರಿಯಿಲ್ಲದ ಹಳೆಯ ಮನೆಗಳಿಗೆ ಇದು ಒಳ್ಳೆಯ ಉಪಾಯ. ಆದರೆ 60 ಸೆಂ.ಮೀ. ಚೌಕದ ಕರ್ಣ ಸುಮಾರು 85 ಸೆಂ.ಮೀ. ಆಗುತ್ತದೆ. ಆರಡಿ ಅಗಲದ ಕೋಣೆಯಲ್ಲಿ ಎರಡು ವಜ್ರಾಕೃತಿಗೇ ಜಾಗ ಮುಗಿದು, ಸುತ್ತಲೂ ತ್ರಿಕೋನದ ತುಂಡುಗಳೇ ಕಾಣುತ್ತವೆ. ಸಣ್ಣ ಕೋಣೆಗೆ ಓರೆ ಬೇಕೆಂದರೆ 30 ಸೆಂ.ಮೀ. ಬಿಲ್ಲೆಗೆ ಇಳಿಯಬೇಕು.

ಹೆರಿಂಗ್‌ಬೋನ್ ಅಥವಾ ಮೀನುಮುಳ್ಳಿನ ಜೋಡಣೆಯಲ್ಲಿ ಆಯತದ ಬಿಲ್ಲೆಗಳು ಒಂದರ ತುದಿ ಇನ್ನೊಂದರ ಮಗ್ಗುಲಿಗೆ ತಾಗುವಂತೆ ಹೆಣೆದುಕೊಳ್ಳುತ್ತವೆ. ರೋಮನ್ನರು ಇಟ್ಟಿಗೆಯಲ್ಲಿ ಇದನ್ನೇ ಮಾಡುತ್ತಿದ್ದರು. ಅವರ ಕಣ್ಣಿಗೆ ಅದು ಗೋಧಿಯ ತೆನೆಯಂತೆ ಕಂಡಿತ್ತು. ಷೆವ್ರಾನ್ ಇದರ ನೆಂಟ. ಅಲ್ಲಿ ಬಿಲ್ಲೆಯ ತುದಿಗಳೇ ಓರೆಯಾಗಿ ಕತ್ತರಿಸಲ್ಪಟ್ಟಿದ್ದು, ಬಾಣದ ಮೊನೆಗಳು ಒಂದೇ ನೇರಕ್ಕೆ ಸಾಲುಗೂಡುತ್ತವೆ. ಎರಡೂ ದಿಕ್ಕು ತೋರುವ ವಿನ್ಯಾಸಗಳು. ಓಣಿಯಂಥ ಪಡಸಾಲೆಯಲ್ಲಿ ಮೊನೆ ಉದ್ದಕ್ಕೆ ಚಾಚಿದರೆ ಜಾಗ ಇನ್ನೂ ಉದ್ದವಾಗಿ ಕಾಣುತ್ತದೆ, ಅಡ್ಡಕ್ಕೆ ಚಾಚಿದರೆ ಅಗಲವಾಗಿ ಕಾಣುತ್ತದೆ.

ಎರಡು ಅಡ್ಡ, ಎರಡು ಉದ್ದ ಬಿಲ್ಲೆಗಳನ್ನು ಚಾಪೆಯಂತೆ ಹೆಣೆಯುವ ಬುಟ್ಟಿ ಜೋಡಣೆ ಜಗಲಿ, ಬಾಲ್ಕನಿಗಳಿಗೆ ಹೊಂದುತ್ತದೆ. ಕಪ್ಪು ಬಿಳಿ ಚೌಕದ ಚದುರಂಗ ನೆಲಕ್ಕೆ ದೊಡ್ಡ, ಖಾಲಿ ಜಾಗ ಬೇಕು. ಸೋಫಾ, ಟೀಪಾಯಿ ತುಂಬಿದ ಹಾಲ್‌ನಲ್ಲಿ ಅದು ಚೂರುಚೂರಾಗಿ ಕಾಣುತ್ತದೆ. ಹೂಬಳ್ಳಿಯ ಚಿತ್ರವಿರುವ ಟೈಲ್ಸ್ ನಾಲ್ಕು ಕೂಡಿದಾಗ ಒಂದು ಹೂ ಪೂರ್ತಿಯಾಗುತ್ತದೆ. ಹಾಗಾಗಿ ಗೋಡೆಯಂಚಿನಲ್ಲಿ ಹೂ ಅರ್ಧಕ್ಕೆ ತುಂಡಾಗದಂತೆ ಸುತ್ತಲೂ ಸಾದಾ ಬಣ್ಣದ ಪಟ್ಟಿ ಕೊಡುವುದು ವಾಡಿಕೆ. ಕಂಬಳಿಯ ಅಂಚಿನಂತೆ ಆ ಪಟ್ಟಿಯೇ ನಡುವಿನ ಚಿತ್ತಾರವನ್ನು ಹಿಡಿದು ನಿಲ್ಲಿಸುತ್ತದೆ.

ಕೋಣೆಯ ಅಳತೆ ಹೇಳುವ ಮಾತು

ವಿನ್ಯಾಸ ಕೆಡುವುದು ಹೆಚ್ಚಾಗಿ ಗೋಡೆಯಂಚಿನಲ್ಲಿ. 12 ಅಡಿ ಅಗಲ, 14 ಅಡಿ ಉದ್ದದ ಒಂದು ಮಲಗುವ ಕೋಣೆಯನ್ನು ತೆಗೆದುಕೊಳ್ಳಬಹುದು. 2 ಅಡಿ ಟೈಲ್ಸ್ ಆದರೆ ಅಗಲಕ್ಕೆ ಸರಿಯಾಗಿ ಆರು, ಉದ್ದಕ್ಕೆ ಏಳು ಎಂದು ಯಾರಿಗಾದರೂ ತೋಚುತ್ತದೆ. ಆದರೆ 2 ಅಡಿ ಎಂದು ಮಾರುವ ಟೈಲ್ಸ್ ನಿಜದಲ್ಲಿ 60 ಸೆಂ.ಮೀ., ಎರಡಡಿಗೆ ಒಂದು ಸೆಂಟಿಮೀಟರ್ ಕಡಿಮೆ. 12 ಅಡಿ ಎಂದರೆ 365.8 ಸೆಂ.ಮೀ. ಆರು ಟೈಲ್ಸ್‌ಗೆ 360, ನಡುವಿನ ಐದು ಸಂದಿಗೆ 2 ಮಿ.ಮೀ.ನಂತೆ 1 ಸೆಂ.ಮೀ. ಉಳಿಯುವುದು ಸುಮಾರು 4.8 ಸೆಂ.ಮೀ. ಒಂದು ಗೋಡೆಯಿಂದ ಹಾಸುತ್ತ ಹೋದರೆ ಎದುರು ಗೋಡೆಯ ಬುಡದಲ್ಲಿ ಮೂರು ಬೆರಳಗಲದ ಪಟ್ಟಿ ಉಳಿದು, ತೇಪೆ ಹಾಕಿದಂತೆ ಕಾಣುತ್ತದೆ.

ಇದಕ್ಕೆ ಪರಿಹಾರ ಕೋಣೆಯ ನಡುಗೆರೆಯಿಂದ ಹೊರಡುವುದು. ಅಗಲಕ್ಕೆ ಐದು ಇಡೀ ಟೈಲ್ಸ್ ನಡುವೆ ಇಟ್ಟು, ಉಳಿದದ್ದನ್ನು ಎರಡೂ ಬದಿಗೆ ಸಮನಾಗಿ ಹಂಚಿದರೆ ಎರಡೂ ಗೋಡೆಗಳ ಬಳಿ ತಲಾ 32 ಸೆಂ.ಮೀ. ತುಂಡು ಬರುತ್ತದೆ. ತುಂಡು ಅರ್ಧ ಬಿಲ್ಲೆಗಿಂತ ದೊಡ್ಡದು, ಎರಡೂ ಬದಿ ಒಂದೇ ಅಳತೆ. ಕಣ್ಣಿಗೆ ಕೊರತೆ ಕಾಣುವುದಿಲ್ಲ. ಆದರೆ ಇದಕ್ಕೆ ಬೆಲೆಯಿದೆ. ಒಂದು ಟೈಲ್ಸ್‌ನಿಂದ 32 ಸೆಂ.ಮೀ.ನ ಎರಡು ತುಂಡು ಸಿಗುವುದಿಲ್ಲವಾದ್ದರಿಂದ ಸಾಲಿಗೆ ಏಳು ಟೈಲ್ಸ್ ಬೇಕು. ಉದ್ದಕ್ಕೂ ಹೀಗೆಯೇ ಮಾಡಿದರೆ ಎಂಟು ಸಾಲಾಗಿ ಒಟ್ಟು 56 ಟೈಲ್ಸ್ ಖರ್ಚಾಗುತ್ತದೆ. ಚದರ ಅಡಿ ಲೆಕ್ಕ ಹಿಡಿದು ಶೇ 10 ಸೇರಿಸಿದರೆ ಸಿಗುವ ಉತ್ತರ 48.

ನುರಿತ ಮೇಸ್ತ್ರಿಗಳು ಇಲ್ಲಿ ಮಧ್ಯದ ದಾರಿ ಹಿಡಿಯುತ್ತಾರೆ. ಬಾಗಿಲಲ್ಲಿ ನಿಂತಾಗ ಎದ್ದು ಕಾಣುವ ಅಗಲದ ದಿಕ್ಕಿನಲ್ಲಿ ಮಾತ್ರ ನಡುಗೆರೆಯಿಂದ ಹೊರಟು, ಉದ್ದದ ದಿಕ್ಕಿನ ಕಿರಿದಾದ ಪಟ್ಟಿಯನ್ನು ವಾರ್ಡ್‌ರೋಬ್ ನಿಲ್ಲುವ ಗೋಡೆಗೆ ತಳ್ಳುತ್ತಾರೆ. ಆಗ ಏಳು ಸಾಲು, ಸಾಲಿಗೆ ಏಳರಂತೆ 49 ಟೈಲ್ಸ್. ವಾರ್ಡ್‌ರೋಬ್ ಕೆಳಗಿನ ಪಟ್ಟಿ ಕತ್ತರಿಸಿ ಉಳಿದ ತುಂಡುಗಳಿಂದಲೇ ಆಗುತ್ತದೆ. ಪೆಟ್ಟಿಗೆಗೆ ನಾಲ್ಕರಂತೆ 13 ಪೆಟ್ಟಿಗೆ ತಂದರೆ ಮೂರು ಬಿಲ್ಲೆ ಕೈಯಲ್ಲಿ ಉಳಿಯುತ್ತವೆ. ಟೈಲ್ಸ್ ಎಣಿಕೆಯನ್ನು ಚದರ ಅಡಿಗೆ ಬಿಡದೆ ನಕ್ಷೆಯ ಮೇಲೆ ಎಣಿಸಬೇಕು ಎನ್ನುವುದು ಇದಕ್ಕಾಗಿ. ಚೌಕುಳಿ ಹಾಳೆಯಲ್ಲಿ ಕೋಣೆಯನ್ನು ಬರೆದು, ಬಾಗಿಲು, ಕಪಾಟು, ಮಂಚದ ಜಾಗ ಗುರುತಿಸಿ, ಬಿಲ್ಲೆಗಳನ್ನು ಪೆನ್ಸಿಲಿನಲ್ಲಿ ಕೂರಿಸಿ ನೋಡಲು ಅರ್ಧ ಗಂಟೆ ಸಾಕು.

ಕೋಣೆಯ ಮೂಲೆ ಸರಿಯಿದೆಯೇ ಎಂದು ತಿಳಿಯಲು 3–4–5ರ ಲೆಕ್ಕ ಬಳಕೆಯಲ್ಲಿದೆ. ಒಂದು ಗೋಡೆಗುಂಟ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ ಓರೆಯಾಗಿ ಅಳೆದಾಗ 5 ಅಡಿ ಬಂದರೆ ಮೂಲೆ ಮಟ್ಟ. ವ್ಯತ್ಯಾಸ ಹೆಚ್ಚಿದ್ದರೆ ನೇರ ಜೋಡಣೆ ಬಿಟ್ಟು ಓರೆ ಜೋಡಣೆ ಯೋಚಿಸುವುದು ಲೇಸು.

ನೀರು ಬೀಳುವ ನೆಲ

ಬಚ್ಚಲಿನಲ್ಲಿ ವಿನ್ಯಾಸವನ್ನು ನಿರ್ಧರಿಸುವುದು ನೀರಿನ ಇಳಿಜಾರು. ನೀರು ಜಾಲರಿಯ ಕಡೆಗೆ ನಾಲ್ಕೂ ಬದಿಯಿಂದ ಹರಿಯಬೇಕಾದರೆ ನೆಲ ತಟ್ಟೆಯಂತೆ ತಗ್ಗಬೇಕು. ಒಂದು ದೊಡ್ಡ ಬಿಲ್ಲೆ ತಟ್ಟೆಯಾಗಿ ಬಾಗದು; ಅದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಬೇಕಾಗುತ್ತದೆ, ಇಲ್ಲವೇ ನೀರು ನಿಲ್ಲುತ್ತದೆ. 30 ಸೆಂ.ಮೀ. ಅಥವಾ ಅದಕ್ಕೂ ಚಿಕ್ಕ ಬಿಲ್ಲೆಗಳು ಸಂದು ಸಂದಿನಲ್ಲಿ ತುಸು ಓರೆಯಾಗುತ್ತ ಇಳಿಜಾರನ್ನು ಅನುಸರಿಸುತ್ತವೆ. ಹೆಚ್ಚು ಸಂದು ಎಂದರೆ ಪಾದಕ್ಕೆ ಹೆಚ್ಚು ಹಿಡಿತವೂ ಹೌದು. ಜಾರದ ಗುಣವನ್ನು ತೋರಿಸುವ ಜರ್ಮನ್ ಮಾಪನ ಆರ್–9ರಿಂದ ಆರ್–13ರವರೆಗೆ ಇದೆ. ಅಂಕಿ ಏರಿದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ ಆರ್–10 ಅಥವಾ ಆರ್–11 ತಕ್ಕದ್ದು. ವಯಸ್ಸಾದವರಿರುವ ಮನೆಯಲ್ಲಿ ಹೊಳಪಿನ ಟೈಲ್ಸ್ ಬಚ್ಚಲಿಗೆ ಎಂದಿಗೂ ಬೇಡ.

ಮಳೆಯ ಇರಚಲು ಬಡಿಯುವ ಮಲೆನಾಡು, ಕರಾವಳಿಯ ಜಗಲಿಗಳಿಗೂ ಇದೇ ಮಾತು. ಅಡುಗೆಮನೆಯಲ್ಲಿ ಎಣ್ಣೆಯ ಜಿಡ್ಡು ಸೇರುವುದರಿಂದ ತೀರ ಒರಟು ಮೇಲ್ಮೈ ಉಜ್ಜಲು ಕಷ್ಟ; ಹೊಳಪಿಲ್ಲದ, ಆದರೆ ನಯವಾದ ಟೈಲ್ಸ್ ಅಲ್ಲಿಗೆ ಸರಿ. ಬಣ್ಣವನ್ನು ಮಣ್ಣು ನೋಡಿ ಆರಿಸಬೇಕು. ಕೆಂಪು ಧೂಳಿನ ಊರಿನಲ್ಲಿ ಅಚ್ಚ ಬಿಳಿ ನೆಲ ಮಧ್ಯಾಹ್ನದೊಳಗೆ ಕೆಂಪಾಗುತ್ತದೆ, ಎರೆ ಮಣ್ಣಿನ ಊರಿನಲ್ಲಿ ತಿಳಿ ನೆಲದ ಮೇಲೆ ಪ್ರತಿ ಹೆಜ್ಜೆಯೂ ಅಚ್ಚೊತ್ತುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಆರಿದಾಗ ಕಪ್ಪು ಹೊಳಪಿನ ಗೋಡೆಯ ಮೇಲೆ ಬಿಳಿ ಚುಕ್ಕೆ ಉಳಿಸುತ್ತದೆ. ತಿಳಿ ಬೂದು, ಮರಳಿನ ಬಣ್ಣಗಳು ಆ ಕಲೆಯನ್ನು ತಾಳಿಕೊಳ್ಳುತ್ತವೆ.

ಗೋಡೆಯ ಗೆರೆ

ಗೋಡೆಯ ಮೇಲೆ ಅಡ್ಡ ಗೆರೆ ಅಗಲವನ್ನೂ ನಿಂತ ಗೆರೆ ಎತ್ತರವನ್ನೂ ಹೆಚ್ಚಿಸಿ ತೋರಿಸುತ್ತದೆ. 30×60 ಟೈಲ್ಸ್ ಮಲಗಿಸಿದರೆ ಇಕ್ಕಟ್ಟಾದ ಬಚ್ಚಲು ಅಗಲವಾಗಿ ಕಾಣುತ್ತದೆ, ನಿಲ್ಲಿಸಿದರೆ ತಗ್ಗು ಚಾವಣಿ ಮೇಲೆದ್ದಂತೆ ಕಾಣುತ್ತದೆ. 1904ರಲ್ಲಿ ಆರಂಭವಾದ ನ್ಯೂಯಾರ್ಕ್ ಸುರಂಗ ರೈಲಿನ ನಿಲ್ದಾಣಗಳಿಂದ ಹೆಸರು ಪಡೆದ 3×6 ಇಂಚಿನ ಸಬ್‌ವೇ ಟೈಲ್ಸ್ ಇಂದು ಇಲ್ಲಿನ ಅಡುಗೆಮನೆಗಳಿಗೂ ಬಂದಿದೆ. ಅಂಥ ಚಿಕ್ಕ ಬಿಲ್ಲೆಯಲ್ಲಿ ಬಾಗು ನಗಣ್ಯ. ಅರ್ಧಕ್ಕೆ ಸರಿಸಿ ಇಟ್ಟಿಗೆ ಸಾಲು ಹಾಕಲು ಅಡ್ಡಿಯಿಲ್ಲ.

ಅಡುಗೆ ಕಟ್ಟೆಯ ಮೇಲೆ ಸಾಮಾನ್ಯವಾಗಿ ಎರಡಡಿ ಎತ್ತರಕ್ಕೆ ಟೈಲ್ಸ್ ಏರುತ್ತದೆ, ಬಚ್ಚಲಿನಲ್ಲಿ ಏಳಡಿಗೆ ಅಥವಾ ಚಾವಣಿಯವರೆಗೆ. ಏಳಡಿಗೆ ನಿಲ್ಲಿಸುವುದಾದರೆ ಆ ಗೆರೆ ಬಾಗಿಲ ಚೌಕಟ್ಟಿನ ನೆತ್ತಿಗೆ ಕೂಡಬೇಕು. ಒಂದು ಗೇಣು ಮೇಲೆಯೋ ಕೆಳಗೆಯೋ ನಿಂತರೆ ದಿನವೂ ಕಣ್ಣಿಗೆ ಚುಚ್ಚುತ್ತದೆ. ಚಿತ್ತಾರ ಎದ್ದು ಕಾಣುವ ಹೈಲೈಟರ್ ಟೈಲ್ಸ್ ಒಂದೇ ಗೋಡೆಗೆ ಸೀಮಿತವಾಗಿದ್ದರೆ ಅದಕ್ಕೆ ಬೆಲೆ. ನೆಲದ ಸಂದು ಮತ್ತು ಗೋಡೆಯ ಸಂದು ಒಂದೇ ನೇರಕ್ಕೆ ಬರುವಂತೆ 30ಕ್ಕೆ 30, 60ಕ್ಕೆ 60 ಅಳತೆ ಹೊಂದಿಸಿದಾಗ ಇಡೀ ಕೋಣೆ ಒಂದೇ ಬಟ್ಟೆಯಿಂದ ಹೊಲಿದಂತೆ ಕಾಣುತ್ತದೆ. ಅಳತೆ ಹೊಂದದಿದ್ದರೆ ನೆಲಕ್ಕೆ ಓರೆ ಜೋಡಣೆ ಕೊಡುವುದು ಮೇಲು, ಆಗ ಹೋಲಿಕೆಯೇ ಬರುವುದಿಲ್ಲ. ನಲ್ಲಿ, ಸ್ವಿಚ್ಚುಗಳ ಜಾಗವನ್ನು ಬಿಲ್ಲೆಯ ನಡುವಿಗೋ ಸಂದಿಗೋ ಹೊಂದಿಸಬೇಕಾದರೆ ಪೈಪು ಹಾಕುವ ಮೊದಲೇ ಟೈಲ್ಸ್ ಅಳತೆ ನಿಶ್ಚಯವಾಗಿರಬೇಕು.

ಸಂದಿನ ಅಗಲ, ಸಂದಿನ ಬಣ್ಣ

ಸಂದೇ ಬೇಡ, ಬಿಲ್ಲೆಗೆ ಬಿಲ್ಲೆ ತಾಗಿಸಿ ಎಂಬ ಬೇಡಿಕೆ ಬಹಳ ಮನೆಗಳಲ್ಲಿದೆ. ಇದು ಅಪಾಯದ ಬೇಡಿಕೆ. ಬಿಸಿಲಿಗೆ ನೆಲ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಹೊಸ ಕಟ್ಟಡ ತುಸು ಕೂರುತ್ತದೆ. ಹಿಗ್ಗಲು ಎಡೆಯಿಲ್ಲದ ಟೈಲ್ಸ್ ಒಂದನ್ನೊಂದು ಒತ್ತಿ, ಒಂದು ದಿನ ಸದ್ದು ಮಾಡಿ ಗುಡಾರದಂತೆ ಮೇಲೇಳುತ್ತವೆ. ಕನಿಷ್ಠ 2 ಮಿ.ಮೀ. ಸಂದು ಬಿಡಬೇಕು. ಗೋಡೆಯ ಬುಡದಲ್ಲೂ ಎಡೆ ಬಿಟ್ಟು ಅದನ್ನು ಸ್ಕರ್ಟಿಂಗ್‌ನಿಂದ ಮುಚ್ಚಬೇಕು. ಕೈಯಲ್ಲಿ ಮಾಡಿದ ಬಿಲ್ಲೆಗಳ ಅಳತೆಯಲ್ಲಿ ಹೆಚ್ಚು ಕಡಿಮೆ ಇರುವುದರಿಂದ ಅವಕ್ಕೆ ಇನ್ನೂ ಅಗಲದ ಸಂದು ಬೇಕು.

ಸಂದು ತುಂಬುವ ಗ್ರೌಟ್‌ನ ಬಣ್ಣ ವಿನ್ಯಾಸವನ್ನು ಎತ್ತಿ ಹಿಡಿಯಬಲ್ಲದು, ಮರೆಮಾಡಲೂಬಲ್ಲದು. ಬಿಳಿ ಟೈಲ್ಸ್‌ಗೆ ಕಡು ಬೂದು ಗ್ರೌಟ್ ತುಂಬಿದರೆ ಪ್ರತಿ ಬಿಲ್ಲೆಯೂ ಎದ್ದು ನಿಲ್ಲುತ್ತದೆ, ಜೊತೆಗೆ ಕೈತಪ್ಪಿದ ಪ್ರತಿ ಗೆರೆಯೂ. ಟೈಲ್ಸ್ ಬಣ್ಣದ್ದೇ ಗ್ರೌಟ್ ಆದರೆ ಗೆರೆಗಳು ಕರಗಿ ನೆಲ ಒಂದೇ ಹಾಸಾಗಿ ಕಾಣುತ್ತದೆ. ನೆಲಕ್ಕೆ ಅಚ್ಚ ಬಿಳಿ ಗ್ರೌಟ್ ನಿಲ್ಲುವುದಿಲ್ಲ. ಒರೆಸುವ ನೀರಿನ ಕೊಳೆ ಅದರಲ್ಲೇ ಇಂಗುತ್ತದೆ. ಬಚ್ಚಲು ಮತ್ತು ಅಡುಗೆ ಕಟ್ಟೆಯ ಹಿಂಬದಿಗೆ ನೀರು ಹೀರದ ಎಪಾಕ್ಸಿ ಗ್ರೌಟ್ ಹೆಚ್ಚು ಖರ್ಚಿನದಾದರೂ ಬಾಳಿಕೆಯದು.

ಹಾಸುವ ಮುನ್ನ

ಓರೆ ಮತ್ತು ಮೀನುಮುಳ್ಳಿನ ಜೋಡಣೆಗೆ ಶೇ 15ರಷ್ಟು ಹೆಚ್ಚುವರಿ ಟೈಲ್ಸ್ ಬೇಕಾಗಬಹುದು. ಎಲ್ಲ ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಶೇಡ್ ಒಂದೇ ಇದೆಯೇ ಎಂದು ಇಳಿಸಿಕೊಳ್ಳುವಾಗಲೇ ನೋಡಬೇಕು. ಒಂದೇ ಹೆಸರಿನ ಟೈಲ್ಸ್ ಎರಡು ಸುಡುವಿಕೆಯಲ್ಲಿ ಎರಡು ಬಣ್ಣಕ್ಕೆ ತಿರುಗಿರುತ್ತದೆ. ಟೈಲ್ಸ್ ಬೆನ್ನಿನ ಬಾಣದ ಗುರುತು ಎಲ್ಲವುದರಲ್ಲೂ ಒಂದೇ ದಿಕ್ಕಿಗಿರಬೇಕು. ಗೀರುಗಳ ಚಿತ್ರವಿರುವ ಟೈಲ್ಸ್ ಆದರೆ ನಾಲ್ಕೈದು ಪೆಟ್ಟಿಗೆ ಒಟ್ಟಿಗೆ ಒಡೆದು ಬೆರೆಸಿ ಹಾಸಬೇಕು, ಇಲ್ಲವಾದರೆ ಒಂದೇ ಗೀರು ಅಕ್ಕಪಕ್ಕದಲ್ಲಿ ಮರುಕಳಿಸಿ ಅಚ್ಚಿನ ಗುಟ್ಟು ಬಯಲಾಗುತ್ತದೆ.

ಗಾರೆ ಕಲಸುವ ಮೊದಲು ಎರಡು ಸಾಲು, ಒಂದು ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ, ಬರಿ ನೆಲದ ಮೇಲೆ ಸಂದು ಬಿಟ್ಟು ಒಣದಾಗಿ ಜೋಡಿಸಬೇಕು. ಬಾಗಿಲಲ್ಲಿ ನಿಂತು ನೋಡಿದಾಗ ಗೆರೆ ಹೊಸ್ತಿಲಿಗೆ ನೇರವಾಗಿದೆಯೇ, ಎದುರು ಗೋಡೆಯ ಬುಡದಲ್ಲಿ ಕಿರಿದಾದ ಪಟ್ಟಿ ಉಳಿದಿದೆಯೇ, ಹಾಲ್‌ನ ಸಂದು ಪಕ್ಕದ ಕೋಣೆಯೊಳಕ್ಕೆ ಮುರಿಯದೆ ಸಾಗುತ್ತದೆಯೇ ಎಂಬುದು ಆಗ ಗೊತ್ತಾಗುತ್ತದೆ. ತಪ್ಪಿದ್ದರೆ ಸರಿಸಲು ಎರಡು ನಿಮಿಷ ಸಾಕು. ಗಾರೆ ಬಿಗಿದ ಮೇಲೆ ಒಡೆಯುವುದೊಂದೇ ದಾರಿ. ಹಾಸಿ ಮುಗಿದ ಬಳಿಕ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಬಿಲ್ಲೆಯನ್ನು ಗ್ರೌಟ್ ತುಂಬುವ ಮೊದಲೇ ಎತ್ತಿಸಿ ಮತ್ತೆ ಕೂರಿಸಬೇಕು. ಉಳಿದ ಬಿಲ್ಲೆಗಳನ್ನು ಬ್ಯಾಚ್ ಸಂಖ್ಯೆಯಿರುವ ಪೆಟ್ಟಿಗೆಯ ಸಮೇತ ಅಟ್ಟದ ಮೇಲಿಟ್ಟರೆ, ಹತ್ತು ವರ್ಷದ ನಂತರ ಒಂದು ಒಡೆದಾಗ ನೆಲದ ಗೆರೆ ಕೆಡದೆ ಉಳಿಯುತ್ತದೆ.